ಮರಳಿನೊಳಗಿನ ಹಗೇವು

ಟಿಳಕವಾಡಿ, ಬೆಳಗಾವಿ
೧೨ ಸೆಪ್ಟೆಂಬರ್ ೧೯೯೯

ಅವ್ವನಿಗೆ ಸಾಕ್ಷಿಯ ಶರಣು.

ಬೆಳಗಾವಿಯಿಂದ ಖಾನಾಪುರಕ್ಕೆ ಬಸ್ಸು ಹತ್ತಿದರೆ ತಾಸಿನ ಹಾದಿ, ಅದಕ್ಕೆ ಅಂಚೆ ಯಾಕೆ ಎಂದು ನೀನು ಕೇಳುತ್ತೀ. ಎದುರಿಗೆ ಕೂತರೆ ನಾವಿಬ್ಬರೂ ಮತ್ತೆ ಅದೇ ಮಾತಿಗೆ ಬಂದು ನಿಲ್ಲುತ್ತೇವೆ. ಬರೆದದ್ದನ್ನು ನೀನು ನಡುವೆ ತಡೆಯಲಾರೆ. ಹೆಚ್ಚೆಂದರೆ ಕೆಂಪು ಪೆನ್ನಿನಿಂದ ತಿದ್ದಬಹುದು. ಸಾಲಿಯಿಂದ ನಿವೃತ್ತಳಾದರೂ ನಿನ್ನ ಕೈಯಿಂದ ಆ ಪೆನ್ನು ಇಳಿದಿಲ್ಲ.

ಡಿಸೆಂಬರಿನಲ್ಲಿ ರಾಜಸ್ಥಾನಕ್ಕೆ ಹೋಗುತ್ತಿದ್ದೇನೆ. ಜೋಧಪುರದಿಂದ ಪಶ್ಚಿಮಕ್ಕೆ, ಮರಳುಗಾಡಿನಲ್ಲಿ, ಹುಣ್ಣಿಮೆಯ ಸುಮಾರಿಗೆ ಒಂದು ಕಲಾಮೇಳ ನಡೆಯುತ್ತದೆ. ಸರಕಾರ ನಡೆಸುವುದಲ್ಲ, ಕಂಪನಿ ನಡೆಸುವುದೂ ಅಲ್ಲ. ಬಂದವರೇ ನಡೆಸುತ್ತಾರೆ. ನೀರು ಹೊರುವವರು, ಅಡಿಗೆ ಮಾಡುವವರು, ಪಾಯಖಾನೆಗೆ ತಗ್ಗು ತೋಡುವವರು ಎಲ್ಲರೂ ಸ್ವಯಂಸೇವಕರೇ. ಅಲ್ಲಿ ಏನನ್ನೂ ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಚಿತ್ರ ತೂಗುಹಾಕಿ ಜನ ನೋಡಿ ಹೋಗುವ ಪ್ರದರ್ಶನವೂ ಅಲ್ಲ. ಪ್ರತಿಯೊಂದು ತಂಡ ಒಂದು ಬಿಡಾರ ಕಟ್ಟುತ್ತದೆ. ಬಂದವರು ಅದರೊಳಗೆ ಹೊಕ್ಕು ತಾವೂ ಏನಾದರೂ ಮಾಡಬೇಕು. ಕೊನೆಗೆ ಎಲ್ಲವನ್ನೂ ಬಿಚ್ಚಿ, ಒಂದು ಮೊಳೆಯೂ ಉಳಿಯದಂತೆ ಗುಡಿಸಿ ಹೋಗುವುದು ಅವರ ದೊಡ್ಡ ನಿಯಮ. ಅಲ್ಲಿ ಯಜಮಾನ ಅಂತ ಯಾರೂ ಇಲ್ಲ.

ಗಜಾನನ ನನ್ನ ಜೊತೆ ಬರುತ್ತಾನೆ. ಹೆಸರು ಬರೆದಿದ್ದೇನೆ, ಪತ್ರ ಹರಿಯಬೇಡ. ಮಚ್ಛೆಯ ಕಾರಖಾನೆಯಲ್ಲಿ ಅವನು ರಜೆ ಕೇಳಿದ್ದಾನೆ. ಹಗಲೆಲ್ಲ ಅಲ್ಲಿ ಎರಕಕ್ಕೆ ಕಟ್ಟಿಗೆಯ ಅಚ್ಚು ಕೆತ್ತುತ್ತಾನೆ, ಸಂಜೆ ನಾನು ಕಲಿಸುವ ಡ್ರಾಯಿಂಗ್ ಸಾಲಿಯ ಹಿಂದಿನ ಪಡಸಾಲೆಯಲ್ಲಿ ಮಣ್ಣು ಕಲಸುತ್ತಾನೆ. ಅವನ ಕೈ ನೀನು ನೋಡಿಲ್ಲ ಅವ್ವಾ. ನೋಡಿದ್ದರೆ ಬೇರೆ ಮಾತಾಡುತ್ತಿದ್ದೆ.

ನಮ್ಮ ಬಿಡಾರ ಏನು ಗೊತ್ತೇ? ಹಗೇವು. ಕಳೆದ ರವಿವಾರ ಅವನ ಊರು ಬೀಡಿಗೆ, ಅವನ ಮನೆಗೆ ಹೋಗಿದ್ದೆವು. ಅಂಗಳದಲ್ಲಿ ನೆಲ ತೋಡಿ ಜೋಳ ತುಂಬಿಡುತ್ತಿದ್ದ ಹಳೆಯ ಹಗೇವು ಇದೆ, ಎಷ್ಟೋ ವರ್ಷದಿಂದ ಬರಿದು. ಅವನ ಅಪ್ಪ ಮಾಯಪ್ಪನವರು ಬಾಯಿಯ ಕಲ್ಲು ಸರಿಸಿ ಮೊದಲು ಕಂದೀಲು ಇಳಿಬಿಟ್ಟರು. "ದೀಪ ಆರಿತಂದ್ರ ಇಳೀಬಾರದ್ರಿ ಬಾಯಾರ, ಒಳಗಿನ ಗಾಳಿ ಕೆಟ್ಟಿರತೈತಿ" ಅಂದರು. ದೀಪ ಆರಲಿಲ್ಲ. ಇಳಿದು ಕೂತೆ. ಕಿರಿದಾದ ಬಾಯಿ, ಅಗಲವಾದ ಹೊಟ್ಟೆ, ತಂಪು, ಹಳೆಯ ಜೋಳದ ವಾಸನೆ. ಸುಮ್ಮನೆ ಅಪ್ಪನ ಹೆಸರು ಕೂಗಿದೆ. ಅಪ್ಪ ತೀರಿಹೋದ ಮೇಲೆ ನಾನಾಗಲಿ ನೀನಾಗಲಿ ಆ ಹೆಸರನ್ನು ಗಟ್ಟಿಯಾಗಿ ಹೇಳಿಲ್ಲ. ಧ್ವನಿ ನನ್ನದಲ್ಲ ಅನ್ನಿಸಿತು.

ಅಲ್ಲಿ ಅದನ್ನೇ ಮಾಡುತ್ತೇವೆ. ಒಬ್ಬೊಬ್ಬರೇ ಕತ್ತಲೆಗೆ ಇಳಿದು, ತಮಗೆ ಬೇಕಾದವರ ಹೆಸರು ಕೂಗುವುದು. ಮೇಲೆ ನಿಂತವರು ಆ ಹೆಸರನ್ನು ತಿರುಗಿ ಹೇಳುವುದು. ಅಷ್ಟೇ.

ನಿನ್ನ ಮಗಳು
ಸಾಕ್ಷಿ


ಖಾನಾಪುರ
೨೧ ಸೆಪ್ಟೆಂಬರ್ ೧೯೯೯

ಚಿ. ಸಾಕ್ಷಿಗೆ,

ಪತ್ರ ಹರಿದಿಲ್ಲ. ತಿದ್ದಿಯೂ ಇಲ್ಲ.

ಹಗೇವು ತೋಡುವುದು ಕರಿ ನೆಲದಲ್ಲಿ, ಅದೂ ಕೆಳಗೆ ಗಟ್ಟಿ ಗರಸು ಸಿಗುವ ಜಾಗ ನೋಡಿ. ಮರಳು ನಿಲ್ಲುತ್ತದೆಯೇ? ಇದನ್ನು ಬಲ್ಲವರನ್ನು ಕೇಳಿದ್ದೀರಾ, ಅಥವಾ ನಿಮ್ಮಲ್ಲೇ ಮಾತಾಡಿಕೊಂಡಿದ್ದೀರಾ? ಯಜಮಾನರಿಲ್ಲ ಎಂದು ಹೆಮ್ಮೆಯಿಂದ ಬರೆದಿದ್ದೀ. ಏನಾದರೂ ಹೆಚ್ಚುಕಡಿಮೆಯಾದರೆ ಯಾರನ್ನು ಕೇಳಬೇಕು ಎಂಬುದನ್ನೂ ತಿಳಿದುಕೊಂಡು ಹೋಗು.

ನಿನ್ನ ಜೊತೆಗಾರನ ವಿಷಯದಲ್ಲಿ ನನ್ನ ಮಾತು ಬದಲಾಗಿಲ್ಲ. ಅವನು ಕೆಟ್ಟವನೆಂದು ನಾನು ಎಂದೂ ಅಂದಿಲ್ಲ. ಅವರ ಮನೆ ಬೇರೆ, ನಮ್ಮ ಮನೆ ಬೇರೆ ಎಂದೆ. ಅದನ್ನು ಅವನು ಬಂದ ದಿನ ಅವನ ಎದುರಿಗೇ ಹೇಳಬೇಕಾಗಿರಲಿಲ್ಲ ಎಂದು ನೀನು ಸಿಟ್ಟಾದೆ. ಪಂಚಮಿಗೂ ಬರಲಿಲ್ಲ.

ಅಲ್ಲಿ ಚಳಿ ಬಹಳ ಎಂದು ಕೇಳಿದ್ದೇನೆ. ನಿನ್ನ ಅಪ್ಪನ ಉಣ್ಣೆಯ ಶಾಲು ಈಗಲೇ ಕಳಿಸಿದ್ದೇನೆ, ಹೊರಡುವ ಮುಂದೆ ಶೇಂಗಾ ಚಟ್ನಿ, ಕಡಕ ರೊಟ್ಟಿ ಕಳಿಸುತ್ತೇನೆ. ಇಬ್ಬರಿಗೂ ಆಗುವಷ್ಟು.

ನಿನ್ನ ಅವ್ವ
ಗೌರವ್ವ


ಮೇಳದ ಬಯಲು
೨೦ ಡಿಸೆಂಬರ್ ೧೯೯೯

ಅವ್ವಾ,

ಬಂದು ವಾರದ ಮೇಲಾಯಿತು. ಮೈಯೆಲ್ಲ ಮರಳು, ಹಲ್ಲಿನ ನಡುವೆಯೂ ಮರಳು. ಮುಂಜಾನೆ ಕೊಡದ ನೀರು ಮುಟ್ಟಲಾಗದಷ್ಟು ತಣ್ಣಗಿರುತ್ತದೆ, ಮಧ್ಯಾಹ್ನ ಬರಿಗಾಲಿಡಲಾಗದಷ್ಟು ಬಿಸಿಲು. ಅಪ್ಪನ ಶಾಲನ್ನು ಗಜಾನನ ಹೊದ್ದುಕೊಳ್ಳುತ್ತಾನೆ. ಕೇಳದೆ ಕೊಟ್ಟೆ, ಬೈಯಬೇಡ.

ಹಗೇವು ಆಗಿದೆ. ಮೇಲಿನ ಒಣ ಮರಳು ತೆಗೆದರೆ ಕೆಳಗೆ ಹಸಿ ಇದೆ, ಅದು ಗೋಡೆಯಂತೆ ನಿಲ್ಲುತ್ತದೆ. ಆದರೂ ನಂಬಬಾರದು ಎಂದು ಗಜಾನನ ಇಲ್ಲಿನ ಗಿಡಗಳ ಉದ್ದ ಕಡ್ಡಿ ತರಿಸಿ, ದೊಡ್ಡ ಬುಟ್ಟಿ ಹೆಣೆದ ಹಾಗೆ ಹೆಣೆದು ಸುತ್ತಲೂ ಇಳಿಸಿದ್ದಾನೆ. ನೀನು ಕೇಳಿದ ಪ್ರಶ್ನೆಯನ್ನೇ ಅವನೂ ಕೇಳಿದ್ದ. ಬಾಯಿಗೆ ಕಟ್ಟಿಗೆಯ ಚೌಕಟ್ಟು, ಇಳಿಯಲು ಏಣಿ. ಇಳಿಯುವವರ ಸೊಂಟಕ್ಕೆ ಹಗ್ಗ. ಆ ಹಗ್ಗ ಹಿಡಿದು ದಿನವಿಡೀ ಅವನೇ ನಿಲ್ಲುತ್ತಾನೆ.

ನಮ್ಮ ಒಂದು ಬಾಜುವಿನಲ್ಲಿ ಮಣ್ಣಿನ ಒಲೆಗಳ ಬಿಡಾರವಿದೆ. ಯಾರು ಬೇಕಾದರೂ ಹೋಗಿ ತಮ್ಮ ಊರಿನ ರೊಟ್ಟಿ ಸುಡಬಹುದು. ಇನ್ನೊಂದು ಬಾಜು, ಹರಿದ ಬಟ್ಟೆಗಳನ್ನು ಕೂಡಿಸಿ ಹೊಲಿಯುತ್ತ ಹೋಗುವ ಒಂದು ದೊಡ್ಡ ಡೇರೆ. ಆದರೆ ಸಾಲು ಉದ್ದವಾಗಿರುವುದು ನಮ್ಮಲ್ಲಿ. ನಿನ್ನೆ ಒಬ್ಬರು ನಿವೃತ್ತ ರೈಲ್ವೆ ಗಾರ್ಡ್ ಇಳಿದರು. ಆಮೇಲೆ ಒಂದು ಹೆಂಗಸಿನ ಹೆಸರು ಬಂತು, ನೆಲದೊಳಗಿಂದ, ಸಣ್ಣಗೆ. ಮೇಲೆ ನಿಂತ ಅಷ್ಟೂ ಜನ, ಆಕೆಯನ್ನು ಕಾಣದವರು, ಆ ಹೆಸರನ್ನು ಒಟ್ಟಿಗೆ ಹೇಳಿದೆವು. ಮೇಲೆ ಬಂದು ಅವರು ಗಜಾನನನ ಭುಜ ಹಿಡಿದು ನಿಂತುಬಿಟ್ಟರು.

ಯಜಮಾನರಿಲ್ಲ ಎಂದಿದ್ದೆನಲ್ಲ, ಸಭೆ ಕರೆಯುವವರು ಒಬ್ಬರಿದ್ದಾರೆ. ದಿಲ್ಲಿಯ ವಾಸ್ತುಶಿಲ್ಪಿ. ಈ ಸಲ ನಿಮ್ಮ ಬಿಡಾರವೇ ಎಲ್ಲಕ್ಕಿಂತ ಮೇಲು ಅಂದರು. ಹುಣ್ಣಿಮೆಯ ದಿನ ಇಡೀ ಮೇಳ ನಮ್ಮ ಹಗೇವಿನ ಸುತ್ತ ಸೇರುವುದೆಂದು ಗೊತ್ತುಮಾಡಿದ್ದಾರೆ. ನಾನು ಇಷ್ಟು ಸುಖವಾಗಿ ಎಂದೂ ಇರಲಿಲ್ಲ.

ಸಾಕ್ಷಿ


ತಾಲೂಕು ಊರಿನ ಲಾಡ್ಜ್
೨೬ ಡಿಸೆಂಬರ್ ೧೯೯೯

ಅವ್ವಾ,

ಫೋನಿನಲ್ಲಿ ನಿನಗೆ ಎಷ್ಟು ಕೇಳಿಸಿತೋ ಗೊತ್ತಿಲ್ಲ. ಗಜಾನನ ಹೋದ, ಬೀಡಿಗೆ ಹೇಳು ಎಂದಷ್ಟೇ ಹೇಳಿ ಇಟ್ಟೆ. ನಿನ್ನ ಮೇಲೆ ಅಂಥ ಕೆಲಸ ಹಾಕಬಾರದಿತ್ತು. ಬೇರೆ ಯಾರೂ ಹೊಳೆಯಲಿಲ್ಲ.

ಇಪ್ಪತ್ತೆರಡರ ಮುಂಜಾನೆ ಆಯಿತು. ಹಸಿಯಿದ್ದ ಮರಳು ಬಿಸಿಲಿಗೆ ಒಣಗುತ್ತ ಬಂದಿತ್ತು. ಒಣಗಿದರೆ ಅದು ನೀರಿನಂತೆ ಹರಿಯುತ್ತದೆ. ಹಿಂದಿನ ಸಂಜೆ ಹೆಣಿಗೆಯ ಸಂದಿಯಿಂದ ಸಣ್ಣಗೆ ಸೋರುತ್ತಿರುವುದನ್ನು ಗಜಾನನ ತೋರಿಸಿದ. "ಮುಚ್ಚೂಣು. ಸಾಕಿನ್ನ" ಅಂದ. ಮರುದಿನವೇ ಹುಣ್ಣಿಮೆ, ಎಲ್ಲರೂ ಬರುವವರಿದ್ದರು. ಇನ್ನೊಂದು ದಿನ ತೆರೆದಿಡುವುದೆಂದು ನಾವು ನಿರ್ಧರಿಸಿದೆವು. ಹಾಗಾದರೆ ಮುಂಜಾನೆ ಜನ ಬರುವ ಮೊದಲು ಹೆಣಿಗೆ ಬಿಗಿ ಮಾಡುತ್ತೇನೆ ಎಂದು ಅವನು ಇಳಿದ. ನಾನು ಅವನಿಗೆ ಚಹಾ ತರಲು ಹೋಗಿದ್ದೆ.

ತಿರುಗಿ ಬರುವಾಗ ದೂರದಿಂದ ನೋಡಿದರೆ ಚೌಕಟ್ಟು ಓರೆಯಾಗಿತ್ತು. ಹತ್ತಿರ ಹೋದಾಗ ಬಾಯಿಯೇ ಇರಲಿಲ್ಲ. ಹಿಟ್ಟು ನಾದುವ ಪರಾತದಂಥ ಒಂದು ತಗ್ಗು ಇತ್ತು, ಅದರ ನಡುವಿಗೆ ಮರಳು ಇನ್ನೂ ಮೆಲ್ಲಗೆ ಇಳಿಯುತ್ತಿತ್ತು. ಸದ್ದು ಯಾರಿಗೂ ಕೇಳಿಸಿರಲಿಲ್ಲ. ಎಲ್ಲರೂ ಓಡಿ ಬಂದರು. ತಾಟು, ಬುಟ್ಟಿ, ಕೈ, ಸಿಕ್ಕಿದ್ದರಿಂದ ತೋಡಿದರು. ಎಷ್ಟು ತೆಗೆದರೂ ಅಷ್ಟೇ ಮರಳು ಬಂದು ತುಂಬುತ್ತಿತ್ತು. ಸಿಕ್ಕಾಗ ಮಧ್ಯಾಹ್ನವಾಗಿತ್ತು.

ಪೊಲೀಸರು ಬಂದರು. ಇಲ್ಲಿನ ಆಸ್ಪತ್ರೆಯಲ್ಲಿ ಕೊಯ್ದರು. ಹೆಣ ಇಡಲು ಇಲ್ಲಿ ಅನುಕೂಲವಿಲ್ಲ, ನಿಮ್ಮ ಊರು ಮೂರು ದಿನದ ಹಾದಿ, ಸುಡುತ್ತೀರೋ ಹೂಳುತ್ತೀರೋ ಹೇಳಿ ಎಂದು ಸಭೆ ಕರೆಯುವ ಆ ದಿಲ್ಲಿಯವರು ನನ್ನನ್ನು ಕೇಳಿದರು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಹೂಳುವುದು ಅಂದೆ. ಬಯಲಿನ ಆಚೆಯ ಹಳ್ಳಿಯಲ್ಲಿ ಸತ್ತವರನ್ನು ಹೂಳುವ ಒಂದು ಪಂಗಡವಿದೆ. ಅವರು ತಮ್ಮ ಜಾಗದಲ್ಲಿ ಎಡೆ ಕೊಟ್ಟರು. ಅವನ ಅವ್ವ ಅಪ್ಪ ಬರುವವರೆಗೆ ಕಾಯಬಹುದಿತ್ತೋ ಏನೋ. ಆಗ ನನಗೆ ತಿಳಿಯಲಿಲ್ಲ.

ಪೊಲೀಸರ ಕೆಲಸ ಮುಗಿದಿದೆ. ನಾನು ಸಹಿ ಮಾಡಿದ್ದೇನೆ. ಮೇಳದವರು ಹೋದರು.

ಸಾಕ್ಷಿ


ಖಾನಾಪುರ
೪ ಜನವರಿ ೨೦೦೦

ಸಾಕ್ಷೀ,

ನಿನ್ನ ಪತ್ರ ನಿನ್ನೆ ಬಂತು. ನಾನು ಬೀಡಿಗೆ ಹೋಗಿದ್ದನ್ನು ಹೇಳುತ್ತೇನೆ, ನಿನಗೆ ಗೊತ್ತಿರಬೇಕು.

ಫೋನು ಬಂದ ಮರುದಿನ ಮೊದಲ ಬಸ್ಸಿಗೇ ಹೋದೆ. ಮನೆ ಕೇಳುತ್ತ ಹೋಗಿ ಅಂಗಳದಲ್ಲಿ ನಿಂತಾಗ ಅವನ ಅವ್ವ ಭರಮವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾನು ಯಾರೆಂದು ಹೇಳಿದ ಕೂಡಲೇ ಮೊರ ಬದಿಗಿಟ್ಟು ಎದ್ದಳು. ಸೆರಗು ಸರಿಮಾಡಿಕೊಂಡಳು. "ಬರ್ರಿ ಅಕ್ಕಾರ, ಒಳಗ ಬರ್ರಿ, ಕುಂದರ್ರಿ" ಎಂದು ಕಂಬಳಿ ಹಾಸಿದಳು. ಆಮೇಲೆ ಹೇಳಿದಳು: "ನೀವು ಬರ್ತೀರಂತ ಗಜಾನನ ಅಂದಿದ್ದ. ಸಂಕ್ರಮಣ ಆದ ಮ್ಯಾಲೆ ಅವರs ಬರ್ತಾರ ನೋಡ ಯವ್ವಾ ಅಂದಿದ್ದ. ನಾನs ನಂಬಿದ್ದಿಲ್ಲ."

ನಾನು ಸಂಬಂಧದ ಮಾತಿಗೆ ಬಂದಿದ್ದೇನೆ ಎಂದು ಆಕೆ ತಿಳಿದಳು. ಗಂಡನನ್ನು ಕೂಗಿದಳು. ಟ್ರಂಕಿನಿಂದ ಹೊಸ ಕಪ್ಪು-ಬಸಿ ತೆಗೆದು, ತೊಳೆದು, ಚಹಾ ಇಟ್ಟಳು. ಆ ಚಹಾ ಕುಡಿದೆ. ಕುಡಿದು ಕಪ್ಪು ಕೆಳಗಿಟ್ಟ ಮೇಲೆ ಹೇಳಿದೆ.

ಮಾಯಪ್ಪ ಅಳಲಿಲ್ಲ. "ಎಷ್ಟ ಆಳ ತೋಡಿದ್ರಂತ್ರಿ?" ಎಂದು ಕೇಳಿದ. ನನಗೆ ಗೊತ್ತಿಲ್ಲ ಅಂದೆ. ಕಿರಿಯ ಮಗ ಮುತ್ತಪ್ಪ ಎದ್ದು ಹೊರಗೆ ಹೋದ. ಭರಮವ್ವ ನನ್ನ ಮುಖ ನೋಡುತ್ತ ಕೂತಿದ್ದಳು. ಯಾವಾಗ ತರ್ತಾರ ಎಂದು ಕೇಳಿದಳು. ಅದಕ್ಕೂ ಗೊತ್ತಿಲ್ಲ ಎಂದೆ. ಎರಡು ದಿನ ಬಿಟ್ಟು ಪೊಲೀಸರ ತಂತಿ ಬಂತು, ಹೂಳಿದ್ದಾರೆ ಎಂದು. ನಾನು ಮತ್ತೆ ಹೋದೆ. ಆಗ ಆಕೆ ಕೇಳಿದ್ದು ಇಷ್ಟೇ: "ಮಣ್ಣ ಯಾರ ಕೊಟ್ಟರ್ರಿ? ನಮ್ಮವರು ಯಾರಿದ್ರು ಅಲ್ಲೆ?"

ಇನ್ನೊಂದು ವಿಷಯ. ಇಲ್ಲಿನ ಒಂದು ಪತ್ರಿಕೆಯಲ್ಲಿ ನಾಲ್ಕು ಸಾಲು ಬಂದಿದೆ. ಯುವಕ ಎಲ್ಲರೂ ಬೇಡವೆಂದರೂ ಕೇಳದೆ ತಗ್ಗಿಗಿಳಿದು ತನ್ನ ಅಜಾಗರೂಕತೆಯಿಂದ ಸತ್ತ ಎಂದು ಪೊಲೀಸರು ತಿಳಿಸಿದ್ದಾರಂತೆ. ಬೀಡಿಯಲ್ಲಿ ಜನ ಅದಕ್ಕೆ ಇನ್ನೊಂದು ಸೇರಿಸಿದ್ದಾರೆ, ಕುಡಿದು ಇಳಿದಿದ್ದ ಅಂತ. ಬಾವಿಕಟ್ಟೆಯಲ್ಲಿ ಆಡಿದ ಮಾತು ಭರಮವ್ವನ ಕಿವಿಗೂ ಬಿದ್ದಿದೆ. ಆಕೆ ನೀರಿಗೆ ಹೋಗುವುದನ್ನು ಬಿಟ್ಟಿದ್ದಾಳೆ.

ನಿನ್ನ ಪತ್ರವನ್ನು ಬಹಳ ಸಲ ಓದಿದೆ. ಮುಚ್ಚೋಣ ಎಂದು ಅವನು ಹೇಳಿದ ಎಂದು ಬರೆದಿದ್ದೀ. ಬೇಡವೆಂದವನು ಅವನು. ಹಾಗಾದರೆ ಪೊಲೀಸರಿಗೆ ತಿರುವುಮುರುವು ಹೇಳಿದವರು ಯಾರು? ತೆರೆದಿಡುವುದೆಂದು 'ನಾವು ನಿರ್ಧರಿಸಿದೆವು' ಎಂದೂ ಬರೆದಿದ್ದೀ. ಆ 'ನಾವು' ಯಾರು?

ಸಿಟ್ಟಿನಿಂದ ಕೇಳುತ್ತಿಲ್ಲ. ಮನೆಗೆ ಬಾ.

ಅವ್ವ


ಬಯಲಿನ ಆಚೆಯ ಹಳ್ಳಿಯಿಂದ
೨೨ ಜನವರಿ ೨೦೦೦

ಅವ್ವಾ,

'ನಾವು' ಅಲ್ಲ. ನಾನು.

ಮುಚ್ಚೂಣು ಎಂದು ಅವನು ಎರಡು ಸಲ ಹೇಳಿದ. ನಾನು ಸಿಟ್ಟಾದೆ. ಇಷ್ಟು ದೂರ ಬಂದು, ಎಲ್ಲರೂ ನಮ್ಮನ್ನೇ ನೋಡುತ್ತಿರುವಾಗ ಹೆದರುತ್ತೀಯಾ ಅಂದೆ. ನಿನಗೆ ಹೆದರಿಕೆಯಾದರೆ ನೀನು ಬೇಡ, ಹಗ್ಗ ನಾನು ಹಿಡಿಯುತ್ತೇನೆ ಅಂದೆ. ಹಾಗಾದರೆ ಹೆಣಿಗೆ ಬಿಗಿ ಮಾಡುತ್ತೇನೆ ಅಂದ. ಮುಂಜಾನೆ ಇಳಿದ. ನಾನು ಹಗ್ಗ ಕಟ್ಟಿಕೋ ಎನ್ನಲಿಲ್ಲ.

ಪೊಲೀಸರ ಕಾಗದವನ್ನು ದಿಲ್ಲಿಯವರೇ ಹಿಂದಿಯಲ್ಲಿ ಬರೆಸಿದರು. ನನ್ನನ್ನು ಡೇರೆಯ ಹಿಂದೆ ಕರೆದುಕೊಂಡು ಹೋಗಿ ಮೃದುವಾಗಿಯೇ ಮಾತಾಡಿದರು. ಕೇಸಾದರೆ ಮೇಳ ಮುಗಿಯಿತು, ನೀನು ಒಳಗೆ ಹೋಗುತ್ತೀ, ಸತ್ತವನು ತಿರುಗಿ ಬರುವುದಿಲ್ಲ, ಅವನು ಬೆಳೆದ ಮನುಷ್ಯ, ತಾನಾಗಿ ಇಳಿದ, ಇದರಲ್ಲಿ ಸುಳ್ಳೇನಿದೆ ಅಂದರು. ನಾನು ಓದಿದೆ. ಎಲ್ಲರೂ ಬೇಡವೆಂದರೂ ಎಂಬ ಮಾತು ಅದರಲ್ಲಿತ್ತು. ಓದಿಯೇ ಸಹಿ ಮಾಡಿದೆ.

ಮೇಳದವರು ಹೋಗುವ ದಿನ ನಿಯಮದಂತೆ ಗುಡಿಸಿದರು. ಸಾಲಾಗಿ ನಿಂತು ಕುಂಟೆ ಹೊಡೆದ ಹಾಗೆ ಮರಳು ಎಳೆದು, ದಾರದ ತುಂಡು, ಮೊಳೆ, ಬೂದಿ ಎಲ್ಲ ಆರಿಸಿ ಚೀಲಕ್ಕೆ ಹಾಕಿದರು. ಹಗೇವಿದ್ದ ಕಡೆಯೂ ಎಳೆದರು. ಕೆಲವರು ಅಳುತ್ತ ಎಳೆದರು. ಅವರು ಕೆಟ್ಟವರಲ್ಲ ಅವ್ವಾ. ಒಬ್ಬೊಬ್ಬರೂ ನನ್ನನ್ನು ತಬ್ಬಿಕೊಂಡು, ವಿಳಾಸ ಬರೆದುಕೊಂಡು ಹೋದರು. ಒಬ್ಬರೂ ಬರೆದಿಲ್ಲ. ಈಗ ಆ ಬಯಲಿಗೆ ಹೋದರೆ ಎಲ್ಲಿ ಏನಿತ್ತೆಂದು ನನಗೇ ಗುರುತು ಸಿಗುವುದಿಲ್ಲ.

ನಾನು ಲಾಡ್ಜು ಬಿಟ್ಟು ಈ ಹಳ್ಳಿಗೆ ಬಂದಿದ್ದೇನೆ. ಹೂಳುವ ಜಾಗದ ಹತ್ತಿರ ಒಂದು ಮನೆಯಲ್ಲಿ ಒಬ್ಬ ಮುದುಕಿ ಇದ್ದಾಳೆ, ಅಲ್ಲಿ ಇರಗೊಟ್ಟಿದ್ದಾಳೆ. ಅವಳ ಮಾತು ನನಗೆ ಅರ್ಧ ತಿಳಿಯುತ್ತದೆ. ನನ್ನನ್ನು ಅವನ ಹೆಂಡತಿ ಎಂದು ತಿಳಿದಿದ್ದಾಳೆ. ಅಲ್ಲ ಎಂದು ನಾನು ಹೇಳಿಲ್ಲ.

ಮನೆಗೆ ಬಾ ಎಂದಿದ್ದೀ. ಬಂದರೆ ಬೀಡಿಗೆ ಹೋಗಬೇಕು. ಆ ಮನೆಯ ಅಂಗಳದಲ್ಲಿ ಏನೆಂದು ನಿಲ್ಲಲಿ?

ಸಾಕ್ಷಿ


ಖಾನಾಪುರ
೧೦ ಫೆಬ್ರವರಿ ೨೦೦೦

ಸಾಕ್ಷೀ,

ನಿನ್ನ ಪತ್ರವನ್ನು ಒಂದೇ ಸಲ ಓದಿದೆ. ಎರಡನೆಯ ಸಲ ಆಗಲಿಲ್ಲ.

ನೀನು ಠಾಣೆಗೆ ಹೋಗಿ ಆ ಮಾತನ್ನು ತಿದ್ದಿಸಬೇಕು. ಅದರಿಂದ ನಿನಗೆ ಏನಾಗುತ್ತದೆ ಎಂದು ಇಲ್ಲಿ ಒಬ್ಬ ವಕೀಲರನ್ನು ಕೇಳಿದೆ. ನಿರ್ಲಕ್ಷ್ಯದಿಂದ ಸಾವು ಎಂದು ಕೇಸು ಹಾಕಬಹುದು, ಶಿಕ್ಷೆಯೂ ಆಗಬಹುದು, ಸುಮ್ಮನಿರಲು ಹೇಳಿ ಅಂದರು. ಆಗುವುದು ಆಗಲಿ ಎಂದು ಇಲ್ಲಿ ಬರೆದಿದ್ದೆ. ಹೊಡೆದುಹಾಕಿದ್ದೇನೆ, ಮೇಲೆ ಕಾಣುತ್ತದೆ. ಅಷ್ಟು ಗಟ್ಟಿ ನಾನಲ್ಲ. ನನಗಿರುವವಳು ನೀನೊಬ್ಬಳೇ.

ಆದರೂ ಹೋಗು. ನಾನು ಈಗ ವಾರಕ್ಕೊಮ್ಮೆ ಬೀಡಿಗೆ ಹೋಗುತ್ತೇನೆ. ನನ್ನನ್ನು ಕಂಡರೆ ಭರಮವ್ವ ಈಗ ಕಂಬಳಿ ಹಾಸುವುದಿಲ್ಲ, ಹೋಗು ಎಂದೂ ಅನ್ನುವುದಿಲ್ಲ. ಕಟ್ಟೆಯ ಮೇಲೆ ಕೂತು ಬರುತ್ತೇನೆ. ಕಳೆದ ವಾರ ಆಕೆ ತಾನಾಗಿ ಮಾತಾಡಿದಳು. "ಸಣ್ಣಾಂವಿದ್ದಾಗಿಂದ ಅಂವ ನೋಡಿ ಹೆಜ್ಜಿ ಇಡಾಂವ ಅಕ್ಕಾರ. ಹಂಗ ಯಾಕ ಇಳದ?" ಅಂದಳು. ನನಗೆ ಉತ್ತರ ಗೊತ್ತಿತ್ತು, ನಿನ್ನ ಪತ್ರ ನನ್ನ ಚೀಲದಲ್ಲೇ ಇತ್ತು. ಸುಮ್ಮನೆ ಕೂತೆ. ಮುಚ್ಚಿಡುವುದಕ್ಕೆ ಸುಮ್ಮನಿದ್ದೆನೆಂದು ತಿಳಿಯಬೇಡ. ಅದು ನಿನ್ನ ಬಾಯಿಂದ ಬರಬೇಕಾದದ್ದು.

ಮಾಯಪ್ಪ ಮತ್ತು ಮುತ್ತಪ್ಪ ನಿನ್ನಲ್ಲಿಗೆ ಬರುತ್ತಾರೆ. ಮಗನನ್ನು ಹೂಳಿದ ಜಾಗ ನೋಡಬೇಕಂತೆ. ಮುದ್ದೆಯಾದ ಒಂದು ಚೀಟಿ ಹಿಡಿದು ಮಾಯಪ್ಪ ನನ್ನಲ್ಲಿಗೆ ಬಂದಿದ್ದ, ರೈಲು ಎಲ್ಲೆಲ್ಲಿ ಬದಲಿಸಬೇಕೆಂದು ಬರೆಸಿಕೊಳ್ಳಲು. ಬರೆದುಕೊಟ್ಟೆ. ಒಳಗೆ ಬಾ, ಉಂಡು ಹೋಗು ಎಂದೆ. ಬರಲಿಲ್ಲ. ಬಾಗಿಲ ಹೊರಗೇ ನಿಂತು ನೀರು ಕುಡಿದು ಹೋದ. ಅವನ ಮಗ ಬಂದ ದಿನವೂ ಅಲ್ಲೇ ನಿಂತಿದ್ದ.

ಅವ್ವ


ಹಳ್ಳಿಯಿಂದ
೨೮ ಮಾರ್ಚ್ ೨೦೦೦

ಅವ್ವಾ,

ಅವರು ಬಂದು ಹೋದರು. ಕ್ರಮವಾಗಿ ಬರೆಯುತ್ತೇನೆ.

ಬಸ್ಸಿನಿಂದ ಇಳಿದಾಗ ಮಾಯಪ್ಪನವರ ಹೆಗಲ ಮೇಲೆ ಕಂಬಳಿ, ಕೈಯಲ್ಲಿ ದೇವರ ಗುಡಿಯ ಅರಿಷಿಣ ಭಂಡಾರದ ಚೀಲ. ನೇರ ಹೂಳಿದ ಜಾಗಕ್ಕೆ ಹೋಗೋಣ ಅಂದರು. ಗಾಳಿಗೆ ಗುಡ್ಡೆ ತಗ್ಗಾಗಿದೆ, ಆದರೆ ಮುದುಕಿ ಸುತ್ತ ಮುಳ್ಳು ಒಟ್ಟಿದ್ದಾಳೆ. ಅವರು ಕೂತು ಕೈಯಿಂದ ಮರಳು ಏರಿಸಿದರು, ಭಂಡಾರ ಹಾಕಿದರು. ಹಳದಿ ನಿಲ್ಲಲಿಲ್ಲ, ಗಾಳಿಗೆ ಹಾರಿತು. ಮತ್ತೆ ಹಾಕಿದರು. ಮುತ್ತಪ್ಪ ನಿಂತೇ ಇದ್ದ. ಅವನು ಅಣ್ಣನ ಹಾಗೆಯೇ ಇದ್ದಾನೆ ಅವ್ವಾ, ಕುತ್ತಿಗೆ ತಿರುಗಿಸುವುದು ಕೂಡ.

ಆಮೇಲೆ, ಅವನು ಇಳಿದ ಜಾಗ ತೋರಿಸು ಅಂದರು. ಬಯಲಿಗೆ ಕರೆದೊಯ್ದೆ. ಎಲ್ಲಿಯೂ ಏನೂ ಇರಲಿಲ್ಲ. ಇಲ್ಲೇ ಎಲ್ಲೋ ಅಂದೆ. "ಇಲ್ಲೇ ಎಲ್ಲೋ ಅಂದ್ರ?" ಎಂದು ಮುತ್ತಪ್ಪ ಕೇಳಿದ. ಆಗ ಹೇಳಿಬಿಟ್ಟೆ. "ಅಂವ ಮುಚ್ಚೂಣು ಅಂದಿದ್ದ. ನಾನs ಬ್ಯಾಡ ಅಂದೆ. ಹೆದರಿದಿ ಅಂತ ಅಂದೆ. ಪೊಲೀಸರ ಮುಂದ ಸುಳ್ಳಿಗೆ ಸಹಿ ಮಾಡಿದೆ."

ಮುತ್ತಪ್ಪ ನನ್ನ ಕಡೆ ಬಂದ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು. ಮಾಯಪ್ಪನವರು ಅವನ ತೋಳು ಹಿಡಿದು, "ಠಾಣಾಕ ನಡೀರಿ" ಎಂದಷ್ಟೇ ಹೇಳಿದರು.

ಠಾಣೆಯವರಿಗೆ ನಾವು ಬೇಡವಾಗಿದ್ದೆವು. ಮುಗಿದ ಫೈಲು, ಯಾಕೆ ತೆಗೆಸುತ್ತೀರಿ ಎಂದರು. ಮಾಯಪ್ಪನವರು ಮೇಜಿನ ಮುಂದೆ ನೆಲದ ಮೇಲೆ ಕೂತರು. ಎಬ್ಬಿಸಿದರೂ ಏಳಲಿಲ್ಲ. ಸಂಜೆಯ ಹೊತ್ತಿಗೆ ನನ್ನ ಹೇಳಿಕೆ ಬರೆದುಕೊಂಡರು. ಹಳೆಯದನ್ನು ಮುತ್ತಪ್ಪ ಕನ್ನಡದಲ್ಲಿ ಅಪ್ಪನಿಗೆ ಹೇಳಿದ. ಆಮೇಲೆ ಹೊಸದನ್ನು: ಅಪಾಯವಿದೆ ಎಂದು ಗಜಾನನ ಹೇಳಿದ್ದ, ಬೇರೆಯವರಿಗೆ ಏನೂ ಆಗಬಾರದೆಂದು ದುರಸ್ತಿಗೆ ಇಳಿದಿದ್ದ. "ಇನ್ನೊಮ್ಮೆ ಓದಪಾ" ಅಂದರು. ಮುತ್ತಪ್ಪ ಓದಿದ.

ನನ್ನ ಮೇಲೆ ಕೇಸಾಗಿದೆ. ದಿಲ್ಲಿಯವರ ಹೆಸರೂ ಸೇರಿದೆ. ಅವರು ದೊಡ್ಡ ವಕೀಲರನ್ನು ಹಿಡಿದಿದ್ದಾರೆ, ಸಾಕ್ಷಿ ಎಂಬುವಳ ಬಿಡಾರ, ಅವಳದೇ ಹೊಣೆ ಎಂದು ಬರೆದುಕೊಟ್ಟಿದ್ದಾರೆ. ಅದರಲ್ಲಿ ಸುಳ್ಳಿಲ್ಲ. ಹಳ್ಳಿಯ ಹಿರಿಯರು ಜಾಮೀನು ನಿಂತರು. ತಾರೀಖಿಗೆ ಬರುತ್ತೇನೆಂದು ಬರೆದುಕೊಟ್ಟು ಊರಿಗೆ ಹೋಗಬಹುದು.

ಅವರನ್ನು ಬಸ್ಸಿಗೆ ಬಿಡಲು ಹೋದಾಗ ಮಾಯಪ್ಪನವರು ಇಲ್ಲಿಗೆ ಬಂದ ಮೇಲೆ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದರು. "ಖರೇ ಹೇಳಿದಿ ಯವ್ವಾ. ಆದ್ರ ಅದನ್ನ ಇಟ್ಟಕೊಳ್ಳಾಕ ನನ್ನ ಹಂತ್ಯಾಕ ಜಾಗಾ ಇಲ್ಲ. ನಮ್ಮ ಮನಿಗೆ ಬರಬ್ಯಾಡ."

ಸಾಕ್ಷಿ


ಖಾನಾಪುರ
೩೦ ಏಪ್ರಿಲ್ ೨೦೦೦

ಸಾಕ್ಷೀ,

ಬೆಳಗಾವಿಯ ಕೋಣೆಗೆ ಬಂದಿದ್ದೀ ಎಂದು ನಿನ್ನ ಮನೆಯೊಡತಿಯಿಂದ ತಿಳಿಯಿತು. ಸಾಲಿಯವರು ನಿನ್ನನ್ನು ತೆಗೆದರೆಂದೂ ಹೇಳಿದಳು. ನೀನು ಇಲ್ಲಿಗೆ ಬರಲಿಲ್ಲ. ಯಾಕೆಂದು ಕೇಳುವುದಿಲ್ಲ.

ಮುತ್ತಪ್ಪ ಮನೆಯಲ್ಲಿ ಎಲ್ಲವನ್ನೂ ಹೇಳಿದ್ದಾನೆ. ನಾನು ಹೋದಾಗ ಭರಮವ್ವ ಬಾಗಿಲಲ್ಲೇ ನಿಂತಿದ್ದಳು. "ನಿಮಗ ಗೊತ್ತಿತ್ತೇನ್ರಿ?" ಎಂದು ಕೇಳಿದಳು. ಗೊತ್ತಿತ್ತು ಅಂದೆ. ಬಾಗಿಲು ಹಾಕಿಕೊಂಡಳು. ಮುಂದಿನ ವಾರವೂ ಹೋದೆ, ಅದರ ಮುಂದಿನ ವಾರವೂ. ಮುಚ್ಚಿದ ಬಾಗಿಲ ಮುಂದೆ ಕಟ್ಟೆಯ ಮೇಲೆ ಕೂತು ಬಂದೆ.

ನಿನ್ನೆ ತೆರೆದಳು. ತೆರೆದು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ಇಂವ ಬರಬ್ಯಾಡ ಅಂದಾನಂತ. ನಾ ಬಾ ಅಂತೀನಿ. ಈಗಲ್ಲ. ಮಣ್ಣೆತ್ತಿನ ಅಮಾಸಿಗಿ ಬರ್ಲಿ. ಒಬ್ಬಾಕೀನs ಬರ್ಲಿ."

ಯಾಕೆ ಆ ದಿನ ಎಂದು ನಾನು ಕೇಳಲಿಲ್ಲ. ಆಕೆಯ ಮುಖ ನೋಡಿದರೆ ನಿನಗಾಗಿ ನನಗೆ ಹೆದರಿಕೆಯಾಗುತ್ತದೆ. ಹೋಗಬೇಡ ಎನ್ನುವ ಅಧಿಕಾರ ನನಗಿಲ್ಲ.

ಅವ್ವ


ಬೆಳಗಾವಿ
೨ ಜುಲೈ ೨೦೦೦

ಅವ್ವಾ,

ನಿನ್ನೆ ಬೀಡಿಗೆ ಹೋಗಿ ಬಂದೆ. ಖಾನಾಪುರದಲ್ಲಿ ಬಸ್ಸು ಬದಲಿಸುವಾಗ ನಿನ್ನ ಓಣಿಯ ಕಡೆ ನೋಡಿದೆ, ಬರಲಿಲ್ಲ. ಒಬ್ಬಳೇ ಬರಲಿ ಎಂದಿದ್ದಳಲ್ಲ.

ಊರಿನ ಎಲ್ಲ ಮನೆಗಳಲ್ಲೂ ಮಣ್ಣೆತ್ತು ಮಾಡಿ ಕೂರಿಸಿದ್ದರು. ಅವರ ಮನೆಯಲ್ಲಿ ಇರಲಿಲ್ಲ. ಆ ಮನೆಯ ಎತ್ತು ಮಾತ್ರವಲ್ಲ, ಓಣಿಯ ಅರ್ಧ ಮನೆಗಳ ಎತ್ತುಗಳನ್ನೂ ಪ್ರತಿವರ್ಷ ಗಜಾನನನೇ ಮಾಡಿಕೊಡುತ್ತಿದ್ದನಂತೆ. ಅದನ್ನು ನನಗೆ ಯಾರೂ ಹೇಳಿರಲಿಲ್ಲ. ಮಾಯಪ್ಪನವರು ನನ್ನನ್ನು ಕಂಡು ಎದ್ದು ಹೊಲಕ್ಕೆ ಹೋದರು.

ಭರಮವ್ವ ಒಳಗೆ ಕರೆದಳು. ಕೂರಲು ಹೇಳಲಿಲ್ಲ, ನಾನಾಗಿ ನೆಲದ ಮೇಲೆ ಕೂತೆ. ಕಾಲು ಹಿಡಿಯಲು ಬಗ್ಗಿದೆ. ಕಾಲು ಹಿಂದೆ ಎಳೆದುಕೊಂಡಳು. "ಅದೆಲ್ಲಾ ಬ್ಯಾಡ. ಆವತ್ತಿಂದು ಹೇಳು. ಮುಂಜಾನೆ ಅಂವ ಎದ್ದಾಗಿಂದ ಹೇಳು" ಅಂದಳು.

ಹೇಳಿದೆ. ಎದ್ದ, ಬೂಟಿನೊಳಗಿನ ಮರಳು ಝಾಡಿಸಿದ, ಮುಖ ತೊಳೆದ. ನೀರು ತಣ್ಣಗಿತ್ತೇ ಎಂದು ಕೇಳಿದಳು. ತಣ್ಣಗಿತ್ತು ಅಂದೆ. ಏನು ಹಾಕಿಕೊಂಡಿದ್ದ? ಕರೇ ಸ್ವೆಟರು. ಹೊಟ್ಟೆಗೆ ಏನಾದರೂ ತಿಂದಿದ್ದನೇ? ಇಲ್ಲ, ಚಹಾ ತರುವಷ್ಟರಲ್ಲಿ ಅಂದೆ. ಇಳಿಯುವ ಮುಂಚೆ ಏನಂದ? ಹಗ್ಗದ ಸುರುಳಿ ನೆಳ್ಳಿಗೆ ಇಡು ಅಂದ. ನಿನ್ನ ಮ್ಯಾಲೆ ಸಿಟ್ಟಿನಾಗಿದ್ದನೇನು? ಗೊತ್ತಿಲ್ಲ ಅಂದೆ. ನನ್ನ ಕಡೆ ನೋಡಲಿಲ್ಲ ಅಂದೆ. ತೆಗೆದಾಗ ಕಣ್ಣು ಮುಚ್ಚಿತ್ತೇ, ಬಾಯಿಯಲ್ಲಿ ಮರಳಿತ್ತೇ, ಯಾರು ಒರೆಸಿದರು, ತಲೆ ಯಾವ ಕಡೆ ಮಾಡಿ ಮಲಗಿಸಿದರು, ಮಣ್ಣು ಕೊಟ್ಟವರು ಯಾವ ದೇವರ ಹೆಸರು ಹೇಳಿದರು, ಎಲ್ಲ ಕೇಳಿದಳು. ಎಲ್ಲ ಹೇಳಿದೆ. ಬಾಯಿ ಒರೆಸಿದವಳು ನಾನೇ ಎಂದು ಹೇಳುವಾಗ ಅತ್ತುಬಿಟ್ಟೆ. "ಅಳಬ್ಯಾಡ. ಹೇಳು" ಅಂದಳು.

ಮುಗಿಯಿತು. ಹೋಗು ಅನ್ನುತ್ತಾಳೆಂದು ಕಾದೆ. ಒಲೆಗೆ ಕಟ್ಟಿಗೆ ನೂಕಿ ಬಂದು ಕೂತು, "ಮತ್ತ ಹೇಳು, ಎದ್ದಾಗಿಂದ" ಅಂದಳು. ಮತ್ತೆ ಹೇಳಿದೆ. ನಡುವೆ ನಾನು ಸ್ವೆಟರು ಬಿಟ್ಟೆ. "ಕರೇ ಸ್ವೆಟರ ಅಂದಿದ್ದಿ" ಎಂದು ಹಿಡಿದು ನಿಲ್ಲಿಸಿದಳು. ಹೊತ್ತು ಇಳಿಯುವವರೆಗೂ ಹೇಳಿಸಿದಳು. ಕಡೆಕಡೆಗೆ ಆಕೆಯ ತುಟಿಯೂ ನನ್ನ ಜೊತೆ ಅಲ್ಲಾಡುತ್ತಿತ್ತು.

ಕೊನೆಯ ಬಸ್ಸಿನ ಹೊತ್ತಾಯಿತು ಎಂದೆ. ಎದ್ದು ಬಾಗಿಲವರೆಗೆ ಬಂದಳು. "ಬರೂ ಅಮಾಸಿಗಿ ಬಾ" ಅಂದಳು.

"ಬಂದು ಏನ ಹೇಳಲೆವ್ವಾ?"

"ಇದನ್ನs. ಮತ್ಯಾರಿಗೆ ಗೊತ್ತೈತಿ?"

ಬರುತ್ತೇನೆ ಎಂದು ಹೇಳಿ ಬಂದೆ.

ನಿನ್ನ
ಸಾಕ್ಷಿ